ಹುದಿಕೇರಿಯಿಂದ ಬಾರದ ಡಿಸ್ಕ್

ನನಗೆ ಸಿಟ್ಟು ಬಂದರೆ ಹಸಿವಾಗುತ್ತದೆ. ಅವತ್ತು ಬೆಳಿಗ್ಗೆ ಕುಶಾಲನಗರದಲ್ಲಿ ಬಸ್ಸು ಹತ್ತಿದವಳು ಸಿದ್ದಾಪುರ ಬರುವಷ್ಟರಲ್ಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನೆಲ್ಲ ಮುಗಿಸಿದ್ದೆ. ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಒಂದು ಬನ್ನು, ಜೊತೆಗೆ ಬಾಳೆಹಣ್ಣು. ಹುದಿಕೇರಿಯಲ್ಲಿ ಇಳಿಯುವ ಹೊತ್ತಿಗೆ ಹೊಟ್ಟೆ ತುಂಬಿತ್ತು. ಸಿಟ್ಟು ಮಾತ್ರ ಹತ್ತಿದಾಗ ಎಷ್ಟಿತ್ತೋ ಅಷ್ಟೇ ಇತ್ತು.

ಅಷ್ಟು ದೂರ ಹೋಗಿದ್ದು ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್ ತರುವುದಕ್ಕೆ. ಅದನ್ನು ಕೊಡಲೊಲ್ಲೆ ಎಂದು ಕೂತಿದ್ದವನ ಹೆಸರು ನಿತೇಶ್.

ನಮ್ಮದು ಕಾಫಿ ಬೆಳೆಗಾರರ ಒಂದು ಸಹಕಾರ ಸಂಘ. ಮುಖ್ಯ ಕಚೇರಿ ಕುಶಾಲನಗರದಲ್ಲಿ, ಶಾಖೆ ಹುದಿಕೇರಿಯಲ್ಲಿ. ಸದಸ್ಯರ ಪಹಣಿ, ಕರಾರು ಪತ್ರ, ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರ ಗುರುತಿನ ಚೀಟಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಜೋಡಿಸಿಡುವುದು ಅನುಶ್ರೀ ಎಂಬ ನನ್ನ ಕೆಲಸ. ಅದೆಲ್ಲದರ ಇನ್ನೊಂದು ಪ್ರತಿ ಆ ಡಿಸ್ಕಿನಲ್ಲಿರುತ್ತದೆ. ಅದಕ್ಕೆ ವೈರಿಲ್ಲ, ಇಂಟರ್ನೆಟ್ ಇಲ್ಲ. ಕುಶಾಲನಗರಕ್ಕೆ ಸಿಡಿಲು ಬಡಿಯಲಿ, ವೈರಸ್ ಬರಲಿ, ಹೊಳೆಯೇ ಉಕ್ಕಿ ಆಫೀಸಿಗೆ ನುಗ್ಗಲಿ, ಹುದಿಕೇರಿಯ ಬೀರುವಿನೊಳಗೆ ಅದು ತಣ್ಣಗೆ ಕೂತಿರುತ್ತದೆ. ತಿಂಗಳಿಗೊಮ್ಮೆ ಬಂದು ಸರ್ವರಿಗೆ ಸೇರಿ, ಹೊಸದನ್ನೆಲ್ಲ ತುಂಬಿಕೊಂಡು, ಅದೇ ದಿನ ವಾಪಸು ಹೋಗಬೇಕು. ಗಡುವು ದಾಟಿದರೆ ನನ್ನ ಪರದೆಯ ಮೇಲೆ ಅದರ ಹೆಸರು ಕೆಂಪಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಏನನ್ನು ಬೇಕಾದರೂ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ, ಮಾತ್ರೆಯಿಂದ ಹಿಡಿದು ಮದುವೆ ಸೀರೆಯವರೆಗೆ. ಡಿಸ್ಕನ್ನು ಮಾತ್ರ ಹಾಗೆ ಕಳಿಸಕೂಡದು, ಶಾಖೆಯವರೇ ಕೈಯಾರೆ ತಂದು ಕೊಡಬೇಕು ಎಂದು ಕಾನೂನು ಮಾಡಿದವಳು ನಾನು. ಹಾಗಾಗಿ ತಿಂಗಳಿಗೊಮ್ಮೆ ನಿತೇಶ್ ಬರುತ್ತಿದ್ದ. ಮೊದಲ ಸಲ ಬಂದಾಗ ಸ್ಟೀಲಿನ ಊಟದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟ.

"ಊಟ ಆಮೇಲೆ ಮಾಡಿ. ಡಿಸ್ಕ್ ಎಲ್ಲಿ?" ಎಂದೆ.

"ಅದರೊಳಗೇ ಉಂಟು ಮೇಡಂ. ಬಸ್ಸಲ್ಲಿ ಕುಲುಕಾಟ ಅಲ್ವಾ, ಬಟ್ಟೆ ಸುತ್ತಿ ಇಟ್ಟಿದ್ದೇನೆ."

"ಹಾಗಾದ್ರೆ ನಿಮ್ಮ ಊಟ?"

"ಡಬ್ಬಿ ಒಂದೇ ಇರೋದು."

ಅವತ್ತು ನನ್ನ ಊಟದಲ್ಲಿ ಅರ್ಧ ಅವನಿಗೆ ಹೋಯಿತು. ಆಮೇಲಿನ ತಿಂಗಳುಗಳಲ್ಲಿ ಅಮ್ಮ ಯಾಕೆ ಜಾಸ್ತಿ ಎಂದು ಕೇಳದೆಯೇ ಜಾಸ್ತಿ ಕಟ್ಟತೊಡಗಿದರು. ಡಿಸ್ಕ್ ಸರ್ವರಿಗೆ ಸೇರಿದ ಮೇಲೆ ಪರದೆಯಲ್ಲಿ ಒಂದು ನೀಲಿ ಗೆರೆ ಮೆಲ್ಲಗೆ ತುಂಬುತ್ತದೆ. ನಾನು ಗೆರೆ ನೋಡುವಾಗ ಅವನು ನನ್ನನ್ನು ನೋಡುತ್ತಿದ್ದ. ನಾನು ತಿರುಗಿದರೆ ಥಟ್ಟನೆ ಗೆರೆಯನ್ನು ನೋಡುತ್ತಿದ್ದ, ಕಿವಿ ಮಾತ್ರ ಕೆಂಪಗೆ. ಕಂಪ್ಯೂಟರ್ ನಿಧಾನವಾಗಲಿ ಎಂದು ಬೇಡಿಕೊಂಡ ಆಫೀಸಿನವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಇಂಥವನು ಈ ತಿಂಗಳು ಬರಲಿಲ್ಲ.

ಫೋನ್ ಮಾಡಿದೆ. "ಆಗೋದಿಲ್ಲ ಮೇಡಂ," ಎಂದ. ಜ್ವರವೇ ಎಂದು ಕೇಳಿದೆ. ಇಲ್ಲ ಎಂದ. ರಜೆಯೇ? ಇಲ್ಲ. ಮತ್ತೆಂತ? "ಡಿಸ್ಕ್ ಕೊಡ್ಲಿಕ್ಕೆ ಆಗೋದಿಲ್ಲ," ಎಂದು ಫೋನ್ ಇಟ್ಟ. ಆಮೇಲೆ ಎತ್ತಲೇ ಇಲ್ಲ.

ನಮ್ಮ ಕಾರ್ಯದರ್ಶಿ ಶಿವಪ್ರಕಾಶ್ ಅವರಿಗೆ ಕೆಂಪು ಬಣ್ಣ ಕಂಡರಾಗದು. ಸೋಮವಾರ ಆಡಳಿತ ಮಂಡಳಿಯ ಸಭೆ ಇತ್ತು. ಹುದಿಕೇರಿಯ ಬಳಿ ಸಂಘದ ಹಳೇ ಡಿಪೋ ಜಾಗವನ್ನು ಲೈನ್ ಮನೆಯವರಿಗೆ ಸೈಟು ಮಾಡಿ ಹಂಚುವ ತೀರ್ಮಾನ ಅವತ್ತೇ ಆಗುವುದಿತ್ತು. ದೊಡ್ಡ ಪರದೆಯ ಮೇಲೆ ಎಲ್ಲರ ಕಾಗದ ತೋರಿಸುವಾಗ ಮೂಲೆಯಲ್ಲಿ ಕೆಂಪು ಕಂಡರೆ ಅವರ ಮರ್ಯಾದೆ ಹೋಗುತ್ತದಂತೆ.

"ನೋಡಮ್ಮ, ಸೋಮವಾರದೊಳಗೆ ಅದು ಬರ್ಲಿಲ್ಲ ಅಂದ್ರೆ ನಿನ್ನನ್ನ ಗೊಬ್ಬರದ ಗೋಡೌನಿಗೆ ಹಾಕ್ತೀನಿ. ಅಲ್ಲಿ ಮೂಟೆ ಎಣಿಸ್ಕೊಂಡಿರು," ಎಂದರು.

ಯಾರೋ ಮಾಡಿದ ತಪ್ಪಿಗೆ ನನಗೆ ಗೋಡೌನು. ಅದೂ ಆ ಯಾರೋ ಇವನು. ನನಗೆ ಅಳು ಬರಬೇಕಿತ್ತು, ಬಂದದ್ದು ಹಸಿವು.

ಹುದಿಕೇರಿ ಶಾಖೆಯ ಮುಂದೆ ಕಾಫಿ ಮೂಟೆ ತುಂಬಿದ ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ, ರಸ್ತೆಯೆಲ್ಲ ಧೂಳು. ಬಾಗಿಲಲ್ಲಿದ್ದ ಅಟೆಂಡರ್ ಕೂಸಪ್ಪಣ್ಣ ನನ್ನ ಮುಖ ನೋಡಿದವರೇ, "ಕಾಫಿ ತರ್ತೇನೆ," ಎಂದು ಹೊರಟುಹೋದರು. ನಿತೇಶ್ ಎದ್ದು ನಿಂತ. ಎರಡು ದಿನದ ಗಡ್ಡ. ಕಣ್ಣಿನ ಕೆಳಗೆ ಕಪ್ಪು. ನನಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಕೊಡಿ," ಎಂದು ಕೈ ಚಾಚಿದೆ.

"ಕೂತ್ಕೊಳ್ಳಿ ಮೇಡಂ."

"ಕೂರೋಕೆ ಬಂದಿಲ್ಲ. ಅದೇನು ನಿಮ್ಮ ಮನೆ ಆಸ್ತಿಯಾ? ಕೀ ನಿಮ್ಮ ಹತ್ರ ಇದೆ ಅಂತ ಬಾಗಿಲು ಹಾಕ್ಕೊಂಡು ಕೂರೋದಾ?"

"ಅದರಲ್ಲಿ ನಮ್ಮ ಅಮ್ಮ ಇದ್ದಾರೆ," ಎಂದ.

ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ.

ಶಾಖೆಯ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ 'ಚೋಮಿ' ಎಂದು ಟೈಪ್ ಮಾಡಿದ. ಒಬ್ಬ ಅಜ್ಜಿಯ ಮುಖ ಬಂತು. ತನ್ನ ಮನೆಯಿರುವ ತೋಟದ ಲೈನಿನಲ್ಲಿ ಚೋಮಿ ಎಂಬ ಹೆಸರಿನವರು ಆ ಅಜ್ಜಿಯಲ್ಲದೆ ಇನ್ನಿಬ್ಬರಿದ್ದಾರೆ, ಅವರಲ್ಲಿ ಒಬ್ಬರು ಅವನ ಅಮ್ಮ ಎಂದ. ಇನ್ನಿಬ್ಬರ ಕಾಗದ ಸರ್ವರಿನಲ್ಲಿ ಇರಲಿಲ್ಲ. ಆಮೇಲೆ ಬೀರು ತೆಗೆದು, ಡಿಸ್ಕನ್ನು ಇಂಟರ್ನೆಟ್ ಇಲ್ಲದ ಹಳೇ ಲ್ಯಾಪ್‌ಟಾಪಿಗೆ ಹಾಕಿ ಅದೇ ಹೆಸರು ಹುಡುಕಿದ. ಮೂವರೂ ಇದ್ದರು. ಅವನ ಅಮ್ಮ ಕ್ಯಾಮೆರಾವನ್ನು ಗದರಿಸುವವರ ಹಾಗೆ ನೋಡುತ್ತಿದ್ದರು.

"ಹಿಂದಿನ ಮಳೆಗಾಲದಲ್ಲಿ ಲೈನಿನ ಗೋಡೆ ಬಿತ್ತಲ್ಲ, ಆಗ ಎಲ್ಲರ ಕಾಗದವೂ ಮಣ್ಣಾಯ್ತು. ಉಳಿದದ್ದು ನೀವು ಸ್ಕ್ಯಾನ್ ಮಾಡಿದ್ದು ಮಾತ್ರ. ಸೈಟಿನ ಪಟ್ಟಿಗೆ ಅಂತ ಮೊನ್ನೆ ಹುಡುಕಿದ್ರೆ, ಈಗ ಅದೂ ಈ ಡಿಸ್ಕಲ್ಲಿ ಮಾತ್ರ. ನೀವೇ ಹೇಳಿದ್ರಿ, ಸರ್ವರಿಗೆ ಸೇರಿದ್ರೆ ಡಿಸ್ಕು ಅದರ ಹಾಗೇ ಆಗ್ತದೆ, ಅಲ್ಲಿ ಇಲ್ಲದ್ದು ಇಲ್ಲಿಯೂ ಇರೋದಿಲ್ಲ ಅಂತ. ಹಾಗಾದ್ರೆ ಹೇಗೆ ಕೊಡ್ಲಿ?"

ನಾನೇ ಕೀಬೋರ್ಡ್ ಎಳೆದುಕೊಂಡೆ. ಹುಡುಕುತ್ತ ಹೋದೆ. ಸೋಮ ಎಂಬ ಹೆಸರಿನವರೂ ಹಾಗೇ ಹೋಗಿದ್ದರು, ಸಿದ್ದಮ್ಮ ಎಂಬುವರೂ. ಮನೆತನದ ಹೆಸರಿದ್ದವರೆಲ್ಲ ಸುರಕ್ಷಿತವಾಗಿದ್ದರು. ಲೈನಿನವರಿಗೆ ನಮ್ಮ ಫೈಲಿನಲ್ಲಿ ಒಂದೇ ಹೆಸರು, ಎಲ್ಲರಿಗೂ ಒಂದೇ ವಿಳಾಸ. ಜಾಗ ಉಳಿಸಲೆಂದು ಯಾರೋ 'ನಕಲು ತೆಗೆಯಿರಿ' ಎಂಬ ಬಟನ್ ಒತ್ತಿದ್ದರು. ಹೆಸರೂ ಅದೇ, ವಿಳಾಸವೂ ಅದೇ ಎಂದಮೇಲೆ ಇವರೆಲ್ಲ ಒಬ್ಬರೇ ಎಂದು ಸಾಫ್ಟ್‌ವೇರ್ ತಿಳಿಯಿತು. ಅದಕ್ಕಾದರೆ ಕಣ್ಣಿಲ್ಲ. ಫೋಟೋ ಮೂರು ಬೇರೆ ಬೇರೆ ಇವೆಯಲ್ಲ ಎಂದು ಒತ್ತಿದವರಿಗೆ ಕಾಣಬಾರದಿತ್ತೇ?

"ಯಾರು ಮಾಡಿದ್ದು ಇದು?" ಎಂದೆ.

ಅವನು ಕಿಟಕಿಯ ಕಡೆ ನೋಡಿದ. "ಬಿಡಿ ಮೇಡಂ. ಹೇಗಾದ್ರೂ ಸರಿ ಮಾಡುವ."

"ಯಾರು ಅಂತ ಕೇಳಿದೆ."

ಅವನು ಬೀರುವಿನ ಬಾಗಿಲು ಹಾಕಲು ಎದ್ದ. ನಾನೇ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ಮಾಡಿದರು ಎಂಬುದನ್ನು ತೆಗೆದು ನೋಡಿದೆ. ನಕಲು ತೆಗೆದವರು: ಅನುಶ್ರೀ.

ತಾರೀಖು ನೋಡಿದೆ. ಅವತ್ತು ನಾನು ಅರಕಲಗೂಡಿನಲ್ಲಿ ಚಿಕ್ಕಪ್ಪನ ಮಗಳು ಹರ್ಷಿತಾಳ ಮದುವೆಯಲ್ಲಿ ಹಪ್ಪಳ ಬಡಿಸುತ್ತಿದ್ದೆ. ಎಲ್ಲರ ಪಾಸ್‌ವರ್ಡೂ ತಮ್ಮ ಬಳಿ ಇರಬೇಕೆಂದು ಶಿವಪ್ರಕಾಶ್ ಸರ್ ಹಟ ಹಿಡಿದು ತೆಗೆದುಕೊಂಡಿದ್ದರು. ವಾಪಸು ಬಂದಾಗ, "ನೀನಿಲ್ದಾಗ ನಿನ್ನ ಕಸ ಎಲ್ಲ ಗುಡಿಸಿಟ್ಟಿದ್ದೀನಮ್ಮ," ಎಂದು ಹೆಮ್ಮೆಯಿಂದ ಹೇಳಿಯೂ ಇದ್ದರು. ಮೇಜಿನ ಧೂಳಿನ ಮಾತು ಎಂದುಕೊಂಡು ನಾನು ಥ್ಯಾಂಕ್ಸ್ ಬೇರೆ ಹೇಳಿದ್ದೆ.

ಇದನ್ನೆಲ್ಲ ಒಂದೇ ಉಸಿರಿಗೆ ನಿತೇಶನಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅವನ ಮುಖ ಅರಳಿದ್ದು ಕಂಡಿತು, ಎಷ್ಟೋ ದಿನದ ಮೇಲೆ ಜ್ವರ ಬಿಟ್ಟವರ ಹಾಗೆ. ಆಗ ನನಗೆ ಹೊಳೆಯಿತು.

"ನಿಲ್ಲಿ. ಅಂದ್ರೆ ಇಷ್ಟು ದಿನ ನಾನೇ ಅಳಿಸಿದ್ದು ಅಂತ ನಂಬ್ಕೊಂಡಿದ್ರಾ?"

"ನಿಮ್ಮ ಹೆಸರು ಇತ್ತಲ್ಲ."

"ನಿಮ್ಮ ಅಮ್ಮನ ಕಾಗದ ನಾನು ಅಳಿಸ್ತೀನಾ?"

"ಗೊತ್ತಿಲ್ದೆ ಆಗಿರ್ಬೇಕು ಅಂದ್ಕೊಂಡೆ. ಯಾರಿಗೂ ಹೇಳಿಲ್ಲ ಮೇಡಂ. ಹೇಳಿದ್ರೆ ನಿಮ್ಮ ಕೆಲ್ಸ ಹೋಗ್ತದೆ. ಸೋಮವಾರ ನಾನೇ ಡಿಸ್ಕ್ ಹಿಡ್ಕೊಂಡು ಸಭೆಗೆ ಹೋಗಿ, ನಾನೇ ಎಂತದೋ ಒತ್ತಿಬಿಟ್ಟೆ ಅಂತ ಹೇಳುವ ಅಂತ ಇದ್ದೆ."

ಬೇರೆ ಹುಡುಗಿಯಾಗಿದ್ದರೆ ಅಲ್ಲೇ ಕರಗುತ್ತಿದ್ದಳೋ ಏನೋ. ನನಗೆ ಮೈಯೆಲ್ಲ ಉರಿಯಿತು.

"ನಾನು ಮಾಡದೇ ಇರೋ ತಪ್ಪನ್ನ ಕ್ಷಮಿಸಿ ಅಂತ ನಿಮ್ಮನ್ನ ಯಾರು ಕೇಳಿದ್ರು? ನಿಮ್ಮ ದೊಡ್ಡ ಮನಸ್ಸು ನನಗೆ ಬೇಡ. ತಿಂಗಳು ತಿಂಗಳು ನನ್ನ ಊಟ ತಿಂದ್ಕೊಂಡು, ನನ್ನ ಮುಖ ನೋಡ್ಕೊಂಡು ಕೂರೋರು ನೀವು. ನಾನು ಎಂಥವಳು ಅಂತ ಆ ಮೆಷಿನ್ನು ಹೇಳಿದ್ರೆ ನಂಬ್ತೀರಾ? 'ಇದು ನೀವು ಮಾಡಿದ್ದಾ' ಅಂತ ಒಂದು ಮಾತು ಕೇಳೋಕೆ ಏನಾಗಿತ್ತು?"

ಅವನು ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಮೆಲ್ಲಗೆ, "ಹೌದು ಅಂದುಬಿಟ್ರೆ ಅಂತ ಹೆದರಿಕೆ," ಎಂದ. "ಹೌದು ಅಂದ್ರೆ ಆಮೇಲೆ ನಾನು ಯಾವ ಮುಖ ಇಟ್ಕೊಂಡು ನಿಮ್ಮ ಹತ್ರ ಬರೋದು? ಬರದೇ ಇರ್ಲಿಕ್ಕೂ ಆಗೋದಿಲ್ಲ ನನಗೆ."

ಕೂಸಪ್ಪಣ್ಣ ಕಾಫಿ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಬಾಗಿಲು ಮುಂದಕ್ಕೆಳೆದುಕೊಂಡು ಹೊರಗೆ ಹೋದರು. ಕಾಫಿ ಬಿಸಿಯಾಗಿತ್ತು. ನನಗೆ ಹಸಿವಿರಲಿಲ್ಲ. ಸಿಟ್ಟಿನ ನಡುವೆ ಹಾಗಾದದ್ದು ಅದೇ ಮೊದಲು.

"ಡಿಸ್ಕ್ ತಗೊಳ್ಳಿ. ನೀವೂ ಹೊರಡಿ," ಎಂದೆ. "ನಿಮ್ಮ ಅಮ್ಮನನ್ನೂ ಕರೀರಿ. ಫೋಟೋ ನೋಡದೇ ಇದ್ದೋರು ಮನುಷ್ಯರನ್ನಾದ್ರೂ ನೋಡ್ಲಿ."

ಅವನ ಅಮ್ಮ ಚೋಮಮ್ಮ ಪಿಕ್ಕಿಂಗ್ ಅರ್ಧಕ್ಕೇ ಬಿಟ್ಟು, ತೋಟದ ಹಾಜರಿ ಬರೆಯುವ ರೈಟರ್ ಹತ್ತಿರ ಬೈಸಿಕೊಂಡು ಬಂದು ಬಸ್ಸು ಹತ್ತಿದರು. ನನ್ನ ಪಕ್ಕದಲ್ಲಿ ಕೂತರು. ನಿತೇಶ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹಿಂದಿನ ಸೀಟಿನಲ್ಲಿದ್ದ. ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

"ನೀನೇನಾ ಆ ಕಂಪ್ಯೂಟರಮ್ಮ?" ಎಂದು ಚೋಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಿಂಗಳಿಗೆ ಒಂದು ದಿನ ಇವನು ಅಂಗಿ ಇಸ್ತ್ರಿ ಮಾಡ್ತಾನೆ. ಆಫೀಸಿಗೆ ಹೋಗೋದು ಅಂತಾನೆ. ಬಾಕಿ ದಿನವೂ ಆಫೀಸಿಗೇ ಹೋಗೋದಲ್ವಾ ಇವನು?"

ಹಿಂದಿನಿಂದ "ಅಮ್ಮಾ," ಎಂದು ದನಿ ಬಂತು.

"ನೀನು ಸುಮ್ಮನಿರು. ಕೇಳೋದನ್ನ ಕೇಳ್ಬೇಕು."

ಕೇಳುವ ಬುದ್ಧಿ ಆ ಮನೆಯಲ್ಲಿ ಒಬ್ಬರಿಗಾದರೂ ಇದೆಯಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಚೋಮಮ್ಮ ನಕ್ಕರು. ನಾನು ನಗಲಿಲ್ಲ. ಕಿಟಕಿಯ ಗಾಜಿನಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಅವನು ನನ್ನ ಜಡೆಯನ್ನೇ ನೋಡುತ್ತ ಕೂತಿದ್ದ. ಸಿಕ್ಕಿಬಿದ್ದೆ ಎಂದು ತಿಳಿದ ಮೇಲೂ ಈ ಸಲ ಕಣ್ಣು ತಪ್ಪಿಸಲಿಲ್ಲ. ನಾನೇ ತಪ್ಪಿಸಬೇಕಾಯಿತು.

ಕುಶಾಲನಗರದಲ್ಲಿ ಶಿವಪ್ರಕಾಶ್ ಸರ್ ಡಬ್ಬಿ ಕಂಡದ್ದೇ ಖುಷಿಯಾಗಿ ಎದ್ದು ಬಂದರು. ಮುಚ್ಚಳ ತೆಗೆದು, ಡಿಸ್ಕನ್ನು ಕೈಗೆತ್ತಿಕೊಂಡು, ಸೀದಾ ಸರ್ವರಿನ ಕಡೆ ನಡೆದರು.

"ಅದನ್ನ ಹಾಕಬೇಡಿ ಸರ್," ಎಂದೆ.

"ಯಾಕಮ್ಮ? ಮೊದಲು ಆ ಕೆಂಪು ಹೋಗ್ಲಿ."

ನಾನು ಓಡಿಹೋಗಿ ಸರ್ವರಿಗೆ ಅಡ್ಡ ನಿಂತೆ. ನನ್ನ ಮೇಲಧಿಕಾರಿಯ ಕೈಯಿಂದ ಡಿಸ್ಕ್ ಕಿತ್ತುಕೊಂಡೆ.

"ಇದು ಈಗ ಸೇರಿದ್ರೆ ಲೈನಿನವರ ಕಾಗದ ಎಲ್ಲೂ ಇರಲ್ಲ. ನೀವು ನಕಲು ಅಂತ ತೆಗೆದಿದ್ದೀರಲ್ಲ, ಅವು ನಕಲಲ್ಲ. ಒಂದೇ ಹೆಸರಿನ ಬೇರೆ ಬೇರೆ ಜನ."

"ತೆಗೆದಿದ್ದು ನಿನ್ನ ಹೆಸರಲ್ಲಿ ಇದೆ," ಎಂದರು ಸಣ್ಣ ದನಿಯಲ್ಲಿ. "ಮೆಮೊ ಕೊಡಬೇಕಾಗ್ತದೆ ನೋಡು."

"ಕೊಡಿ. ಅದನ್ನೂ ಸ್ಕ್ಯಾನ್ ಮಾಡಿ ಇಡ್ತೀನಿ. ಅವತ್ತು ನಾನು ರಜೆಯಲ್ಲಿದ್ದೆ ಅಂತ ನೀವೇ ಮಂಜೂರು ಮಾಡಿದ್ದೂ ಇದೆ."

ಚೋಮಮ್ಮ ಮುಂದೆ ಬಂದರು. ಪಿಕ್ಕಿಂಗಿನ ಕಲೆ ಹಿಡಿದ ಕೈಯನ್ನು ಸೊಂಟಕ್ಕಿಟ್ಟುಕೊಂಡರು. "ಸಾರ್, ನಾನು ಚೋಮಿ. ಆ ಅಜ್ಜಿಯೂ ಚೋಮಿ. ಅವಳಿಗೆ ಸೈಟು ಕೊಟ್ರೆ ನನಗೆ ಕೊಟ್ಟ ಹಾಗೆ ಆಗ್ತದಾ? ನಿಮ್ಮ ಹೆಸರಿನೋರು ಊರಲ್ಲಿ ಎಷ್ಟು ಜನ ಉಂಟು? ಒಬ್ಬರಿಗೆ ಸಂಬಳ ಕೊಟ್ಟು ಸಾಕು ಅಂತಾರಾ?"

ಸರ್ ಕುರ್ಚಿಯಲ್ಲಿ ಕೂತರು. ನಾನು ಕೆಲಸಕ್ಕೆ ಹತ್ತಿದೆ. ಡಿಸ್ಕನ್ನು ಸರ್ವರಿಗೆ ಸಂಬಂಧವಿಲ್ಲದ ಲ್ಯಾಪ್‌ಟಾಪಿಗೆ ಹಾಕಿ, ಓದಲು ಮಾತ್ರ ಬರುವಂತೆ ಬೀಗ ಹಾಕಿದೆ. ಮೊದಲು ಅದರದೇ ಇನ್ನೊಂದು ಪ್ರತಿ ಮಾಡಿ ಬೇರೆ ಇಟ್ಟೆ. ಆಮೇಲೆ ಕಳೆದುಹೋದವರನ್ನು ಒಬ್ಬೊಬ್ಬರಾಗಿ ತೆಗೆದು, ಒಬ್ಬೊಬ್ಬರಿಗೂ ಬೇರೆ ನಂಬರ್ ಕೊಟ್ಟು, ಸರ್ವರಿಗೆ ತುಂಬಿದೆ. ನಿತೇಶ್ ಪಕ್ಕದಲ್ಲಿ ಕೂತು ಫೋಟೋ ನೋಡಿ ಹೇಳುತ್ತಿದ್ದ. ಇವರು ತೋಡಿನ ನೀರಿನ ಕಡೆಯ ಸೋಮಣ್ಣ. ಇವರು ಕೊನೇ ಮನೆಯ ಸಿದ್ದಮ್ಮ. ಇವರಿಗೆ ಕಾಲು ನೋವು, ರಸ್ತೆ ಪಕ್ಕದ ಸೈಟು ಸಿಕ್ಕಿದ್ರೆ ಒಳ್ಳೇದಿತ್ತು. ಹೀಗೆ ಹೇಳುತ್ತ ಇದ್ದವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ನನಗೊಬ್ಬಳಿಗೇ ಗೊತ್ತು.

ಎಲ್ಲ ಮುಗಿದಾಗ ಬಿಸಿಲು ಇಳಿದಿತ್ತು. ಸರ್ ಗಂಟಲು ಸರಿ ಮಾಡಿಕೊಂಡರು. "ಆಯ್ತಲ್ಲ. ಏನೋ ತಾಂತ್ರಿಕ ದೋಷ ಅಂತ ಬರೆದುಬಿಡೋಣ. ಯಾರ ಹೆಸರೂ ಬೇಡ."

"ಬೇಕು," ಎಂದದ್ದು ನಾನಲ್ಲ, ನಿತೇಶ್. ಎದ್ದು ನಿಂತಿದ್ದ. "ಅಲ್ಲಿ ಮೇಡಂ ಹೆಸರು ಇದೆ ಸರ್. ನಾನೂ ಅದನ್ನ ನೋಡಿ ನಂಬಿದೆ. ಕೇಳದೆ ನಂಬಿದ್ದು ನನ್ನ ತಪ್ಪು, ಅದನ್ನ ಎಲ್ಲರ ಎದುರು ಹೇಳ್ತೇನೆ. ಒತ್ತಿದ್ದು ನೀವು ಅಂತ ನೀವು ಬರೀಬೇಕು. ಸೋಮವಾರ ಸಭೆಯಲ್ಲಿ ಅದನ್ನೂ ತೋರಿಸ್ಬೇಕು."

ಸರ್ ಅವನನ್ನು ನೋಡಿದರು, ಚೋಮಮ್ಮನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬರೆದರು. ಮುಖ ಗಂಟಿಕ್ಕಿಕೊಂಡೇ ಬರೆದರು, ಆದರೆ ಬರೆದರು. ನಾನು ಆ ಹಾಳೆ ತೆಗೆದುಕೊಂಡು ಅವರ ಎದುರೇ ಸ್ಕ್ಯಾನ್ ಮಾಡಿದೆ. ಆಮೇಲೆ ಡಿಸ್ಕನ್ನು ಸರ್ವರಿಗೆ ಸೇರಿಸಿದೆ. ನೀಲಿ ಗೆರೆ ತುಂಬಿತು. ಅದು ತುಂಬುವಷ್ಟು ಹೊತ್ತೂ ಅವನು ಗೆರೆಯನ್ನು ನೋಡಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ಹೋದೆ. ಚೋಮಮ್ಮ ಮೊದಲು ಹತ್ತಿ ಕಿಟಕಿ ಪಕ್ಕ ಕೂತು, ಬೇಕೆಂದೇ ಆ ಕಡೆ ಮುಖ ತಿರುಗಿಸಿಕೊಂಡರು. ಡ್ರೈವರ್ ಇಂಜಿನ್ ಚಾಲು ಮಾಡಿದ. ನಿತೇಶ್ ಹತ್ತಲಿಲ್ಲ.

"ಇನ್ನೂ ಸಿಟ್ಟು ಉಂಟಾ?"

"ಇದೆ."

"ಹೋಗೋದು ಯಾವಾಗ?"

"ಗೊತ್ತಿಲ್ಲ. ನಮ್ಮಪ್ಪ ಸಣ್ಣಸ್ವಾಮಿಯವರದ್ದು ಅರವತ್ತಾದ್ರೂ ಹೋಗಿಲ್ಲ."

ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕಿವಿ ಕೆಂಪಾಯಿತು. "ಒಂದು ಕೇಳ್ಬೇಕಿತ್ತು. ಕೇಳದೆ ಇದ್ದು ಒಂದು ಸಲ ಹಾಳಾಗಿದೆ. ಅದಕ್ಕೆ ಈಗಲೇ ಕೇಳ್ತೇನೆ. ಇಲ್ಲ ಅಂದ್ರೂ ಸರಿ, ಡಿಸ್ಕ್ ತರೋದು ನಿಲ್ಲಿಸೋದಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅಪ್ಪನ ನೆನಪಾಯಿತು. ಹಾರಂಗಿ ಕಾಲುವೆಯ ಬದಿಯ ನಮ್ಮ ಮನೆ, ಅಲ್ಲಿ ಏಳಲಿರುವ ಗಲಾಟೆ, ಯಾವ ಊರು, ಯಾವ ಜನ, ಲೈನ್ ಮನೆಯವನಾ ಎಂದು ನೆಂಟರೆಲ್ಲ ಕೂತು ಕೇಳುವ ಪ್ರಶ್ನೆಗಳು. ಅದನ್ನೆಲ್ಲ ನೆನೆದೇ ನನಗೆ ಮೈ ಬಿಸಿಯಾಯಿತು.

"ಮನೆಯಲ್ಲಿ ದೊಡ್ಡ ಜಗಳ ಆಗ್ತದೆ," ಎಂದೆ.

"ಆಗ್ತದೆ."

"ನಿಮಗೆ ಜಗಳ ಆಡೋಕೆ ಬರಲ್ಲ."

"ನಿಮಗೆ ಬರ್ತದಲ್ಲ. ನಾನು ಪಕ್ಕದಲ್ಲಿ ನಿಲ್ತೇನೆ."

ಹೂಂ ಎಂದೆ. ಅಷ್ಟರಲ್ಲಿ ಡ್ರೈವರ್ ಹಾರನ್ ಒತ್ತಿದ. ನಿತೇಶ್ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದ, ಕೇಳಿಸಿದ್ದು ನಿಜವೋ ಅಲ್ಲವೋ ಎಂದು ಅವನಿಗೇ ನಂಬಿಕೆಯಿರಲಿಲ್ಲ. ಈ ಮನುಷ್ಯ ಇನ್ನು ಒಂದು ತಿಂಗಳು ಹುದಿಕೇರಿಯಲ್ಲಿ ಕೂತು, ಕೇಳಲು ಹೆದರಿಕೊಂಡು, ಏನೇನೋ ಊಹಿಸಿಕೊಳ್ಳುತ್ತಾನೆ ಎಂದು ನನಗೆ ಮತ್ತೆ ರೇಗಿತು. ಹಾಗಾಗಿ ಇನ್ನೊಂದು ಸಲ ಹೇಳಿದೆ, ಬಸ್ಸಿನಲ್ಲಿದ್ದವರೆಲ್ಲ ಈ ಕಡೆ ತಿರುಗಿ ನೋಡುವಷ್ಟು ಗಟ್ಟಿಯಾಗಿ.